ಒಬ್ಬ ಬಾಡಿಗೆದಾರ, ಆರು ಜೊತೆ ಕಡ್ಡಿ

ನಮ್ಮ ವಠಾರದಲ್ಲಿ ಒಬ್ಬ ಮನುಷ್ಯನ ವಿಚಾರ ತಿಳಿಯಬೇಕಾದರೆ ಅವನ ಜಾತಕ ನೋಡಬೇಕಾಗಿಲ್ಲ, ಕಸದ ಚೀಲ ನೋಡಿದರೆ ಸಾಕು. ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಗೇಟಿನ ಪಕ್ಕದ ಕಸದ ಕಟ್ಟೆ ತೆರೆದಿರುತ್ತದೆ. ಎಲ್ಲರೂ ಅಲ್ಲಿಗೆ ಬಂದು, ಚೀಲ ಬಿಚ್ಚಿ, ಹಸಿ ಕಸವನ್ನು ಒಂದು ಡಬ್ಬಕ್ಕೆ ಸುರಿದು, ಒಣ ಕಸವನ್ನು ಇನ್ನೊಂದಕ್ಕೆ ಹಾಕಬೇಕು. ಸರಿಯಾಗಿ ಹಾಕಿದರೋ ಇಲ್ಲವೋ ಎಂದು ನೋಡಲು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ಒಬ್ಬ ನಿವೃತ್ತರು ಅಲ್ಲಿ ನಿಂತಿರುತ್ತಾರೆ. ಮಂಗಳವಾರ, ಗುರುವಾರ, ಶನಿವಾರ ಆ ನಿವೃತ್ತರು ನಾನೇ.

ನನ್ನ ಹೆಸರು ಫಾಂಗ್. ವೂಶಿ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಹೇಳಿಕೊಟ್ಟವನು. ಹಾಗಾಗಿ ಏನು ಕಂಡರೂ ಎಣಿಸುವುದು ಅಭ್ಯಾಸವಾಗಿದೆ. ಈ ಕಥೆಯಲ್ಲಿ ನಡೆದ ಅನಾಹುತಕ್ಕೆಲ್ಲ ಆ ಅಭ್ಯಾಸವೇ ಕಾರಣ ಎಂದು ನನ್ನ ಹೆಂಡತಿ ಯುಝೆನ್ ಹೇಳುತ್ತಾಳೆ. ಅವಳ ನಾಲಿಗೆಯೇ ಕಾರಣ ಎಂದು ನಾನು ಹೇಳುತ್ತೇನೆ. ತೀರ್ಮಾನ ನಿಮಗೆ ಬಿಟ್ಟದ್ದು.

ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಶಾವ್ ದೆಫು ಬಾಡಿಗೆಗಿದ್ದಾನೆ. ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ, ನೀರಿನ ಕಚೇರಿಯಲ್ಲಿ ಮೀಟರ್ ನೋಡುವ ಕೆಲಸ. ಹನ್ನೊಂದು ವರ್ಷದಿಂದ ಅದೇ ಮನೆ. ಮನೆಯ ಒಡತಿ ರೋಂಗ್ ಅಮ್ಮನವರು ಊರಿನ ಆಚೆ ತುದಿಯಲ್ಲಿರುತ್ತಾರೆ. ಹನ್ನೊಂದು ವರ್ಷದಲ್ಲಿ ಬಾಡಿಗೆ ಏರಿಸಿದ್ದು ಒಂದೇ ಸಲ, ಅದೂ ಬೈದುಕೊಂಡು. ಕರಾರು ಮಾತ್ರ ಕಡಕ್ಕಾಗಿತ್ತು. ಒಬ್ಬನೇ ಇರಬೇಕು, ಇನ್ನೊಬ್ಬರನ್ನು ಸೇರಿಸಿಕೊಂಡ ದಿನವೇ ಮನೆ ಖಾಲಿ ಮಾಡಬೇಕು. ಒಂದು ಮನೆಯಲ್ಲಿ ಹತ್ತು ಜನರನ್ನು ತುಂಬಿ ಬಾಡಿಗೆ ಎತ್ತುವವರ ಮೇಲೆ ನಗರದವರು ಆಗ ತಾನೇ ಮುಗಿಬಿದ್ದಿದ್ದರು. ಸಿಕ್ಕಿಬಿದ್ದರೆ ದಂಡ ಒಡತಿಗೆ, ಬೀದಿ ಬಾಡಿಗೆದಾರನಿಗೆ.

ದೆಫು ಒಳ್ಳೆಯವನು. ಆದರೆ ಅವನ ಬಾಗಿಲ ಮೇಲೆ ಒಂದು ಹಿತ್ತಾಳೆ ಬಣ್ಣದ ಫಲಕವಿತ್ತು, ‘ಮಿತವ್ಯಯದ ಮಾದರಿ ಮನೆ’ ಎಂದು. ಹೋದ ವರ್ಷ ಇಡೀ ವಠಾರದಲ್ಲಿ ಅವನ ಮನೆಯ ನೀರಿನ ಖರ್ಚೇ ಕಡಿಮೆ ಎಂದು ನಿವಾಸಿಗಳ ಸಮಿತಿಯವರು ಚಪ್ಪಾಳೆ ಹೊಡೆದು ಕೊಟ್ಟದ್ದು. ಒಂಟಿ ಮನುಷ್ಯ ಎಷ್ಟು ನೀರು ಸುರಿದಾನು ಎಂದು ಯಾರೂ ಯೋಚಿಸಲಿಲ್ಲ. ಅವನೂ ಯೋಚಿಸಲಿಲ್ಲ. ಬದಲಿಗೆ ಮೈಕು ಹಿಡಿದು, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ರೈತನ ಬೆವರಿಗೆ ಅವಮಾನ ಎಂದು ಹನ್ನೆರಡು ನಿಮಿಷ ಭಾಷಣ ಮಾಡಿದ. ಭಾಷಣ ಮುಗಿದಾಗ ಕೆಲವು ಹೆಂಗಸರು ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನಮ್ಮ ದೆಫು ತಿನ್ನುತ್ತಿದ್ದದ್ದು ಬದನೆಕಾಯಿ ಒಂದೇ ಅಲ್ಲ.

ಸಂಜೆ ಆರು ಗಂಟೆಗೆ, ನೂರಾರು ಮನೆಗಳ ಮೀಟರ್ ನೋಡಿ ಬಂದ ಮನುಷ್ಯನಿಗೆ ಹೊಟ್ಟೆ ಚುರುಗುಟ್ಟುವುದು ಸಹಜ. ಫೋನು ತೆಗೆದು ಒಂದು ಬಟ್ಟಲು ಸೂಪಿನ ಕಡುಬು ಒತ್ತುತ್ತಾನೆ, ಹದಿನಾಲ್ಕು ಯುವಾನ್. ಇಪ್ಪತ್ತಾಗದಿದ್ದರೆ ಮನೆಗೆ ತಂದುಕೊಡುವುದಿಲ್ಲ ಎನ್ನುತ್ತದೆ ಫೋನು. ಎಂಟು ಯುವಾನಿನ ಸೌತೆಕಾಯಿ ಸೇರಿಸುತ್ತಾನೆ. ಮೂವತ್ತೈದಾದರೆ ಹತ್ತು ಬಿಡುತ್ತೇವೆ ಎನ್ನುತ್ತದೆ ಫೋನು. ಒಂದು ಹುರಿದ ತೋಫು, ಒಂದು ಹಬೆ ಬನ್ನು, ಮೂವತ್ತೇಳಾಯಿತು. ಅರವತ್ತಾದರೆ ಇಪ್ಪತ್ತೈದು ಬಿಡುತ್ತೇವೆ ಎನ್ನುತ್ತದೆ ಫೋನು. ಈಗ ದೆಫುವಿನ ತಲೆ ಓಡುತ್ತದೆ. ಹೀಗೇ ಬಿಟ್ಟರೆ ಕೊಡಬೇಕಾದದ್ದು ಇಪ್ಪತ್ತೇಳು, ಅರವತ್ತಕ್ಕೆ ಏರಿಸಿದರೆ ಮೂವತ್ತೈದು. ಎಂಟು ಯುವಾನ್ ಹೆಚ್ಚು ಕೊಟ್ಟರೆ ಇಪ್ಪತ್ಮೂರು ಯುವಾನಿನ ಊಟ ಬರುತ್ತದೆ. ಬಿಟ್ಟವನು ಮೂರ್ಖ. ಲೆಕ್ಕ ಮಾಸ್ತರನಾಗಿ ಹೇಳುತ್ತೇನೆ, ಅವನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಹೊಟ್ಟೆಯೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ಆದ ಮೇಲೆ ಫೋನು ಕೊನೆಯ ಪ್ರಶ್ನೆ ಕೇಳುತ್ತದೆ: ಎಷ್ಟು ಜನರಿಗೆ ಊಟದ ಕಡ್ಡಿ ಕಳಿಸಬೇಕು? ದೆಫು ಇಲ್ಲಿ ನಾಚುತ್ತಾನೆ. ಇಷ್ಟು ತರಿಸಿ ಒಂದು ಜೊತೆ ಕಡ್ಡಿ ಎಂದರೆ ಹೋಟೆಲಿನವರು ಏನೆಂದುಕೊಂಡಾರು? ಮಿತವ್ಯಯದ ಮಾದರಿ ಮನೆಯಲ್ಲಿ ಬಕಾಸುರನಿದ್ದಾನೆ ಎಂದುಕೊಳ್ಳುವುದಿಲ್ಲವೇ? ನಾಲ್ಕು ಎಂದು ಒತ್ತುತ್ತಾನೆ. ನಾಲ್ಕು ಜನರ ಊಟ ಎಂದರೆ ಗೌರವಸ್ಥರ ಊಟ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಮಂಗಳವಾರ ನನಗೆ ಕಂಡದ್ದು ಚೀಲದೊಳಗಿನ ನಾಲ್ಕು ಜೊತೆ ಕಡ್ಡಿ ಮಾತ್ರ.

“ಏನಪ್ಪ ದೆಫು, ನೆಂಟರು ಬಂದಿದ್ರಾ?” ಎಂದೆ.

ಅವನು ಹಸಿ ಡಬ್ಬಕ್ಕೆ ಅರ್ಧ ಪಕ್ಕೆಲುಬು, ಒಂದಿಡೀ ಬಟ್ಟಲು ಅನ್ನ ಸುರಿಯುತ್ತಿದ್ದ. ಅಗುಳಿನ ಭಾಷಣ ಅವನಿಗೂ ನೆನಪಾಗಿರಬೇಕು, ಮುಖ ಕೆಂಪಾಯಿತು.

“ಹ್ಞೂ ಮೇಷ್ಟ್ರೇ. ಸ್ನೇಹಿತರು. ಅವರು ಸ್ವಲ್ಪ ಬಿಟ್ಟುಬಿಟ್ರು. ನಾನಾಗಿದ್ರೆ ಬಿಡ್ತಿರ್ಲಿಲ್ಲ.”

ಗುರುವಾರ ಐದು ಜೊತೆ. ಶನಿವಾರ ಆರು. ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಗೆ ಮಾತ್ರ ಹೇಳಿದೆ. ಅವಳೂ ಯಾರಿಗೂ ಹೇಳಲಿಲ್ಲ, ಸಂಜೆ ಚೌಕದಲ್ಲಿ ಜೊತೆಗೆ ಕುಣಿಯುವ ನಲವತ್ತು ಜನ ಹೆಂಗಸರಿಗೆ ಮಾತ್ರ ಹೇಳಿದಳು. ಭಾನುವಾರದ ಹೊತ್ತಿಗೆ ದೆಫು ಮನೆಯಲ್ಲಿ ಆರು ಜನ ವಾಸವಾಗಿದ್ದರು. ಸೋಮವಾರ ಅವರಲ್ಲಿ ಇಬ್ಬರು ದಕ್ಷಿಣದ ಕಡೆಯವರಾದರು, ಒಬ್ಬನಿಗೆ ಕೆಮ್ಮು ಶುರುವಾಯಿತು.

“ರಾತ್ರಿ ಹೊತ್ತು ಅವನು ಕೆಮ್ಮೋದು ಕೇಳಿಸುತ್ತೆ ಅಂತ ಕೆಳಗಿನ ಮನೆಯವಳು ಹೇಳಿದಳು ಕಣ್ರೀ,” ಎಂದಳು ಯುಝೆನ್.

“ಕೆಳಗಿನ ಮನೆ ಖಾಲಿ ಇದೆಯಲ್ಲೇ.”

“ಅದಕ್ಕೇ ಅಷ್ಟು ಚೆನ್ನಾಗಿ ಕೇಳಿಸೋದು.”

ಬುಧವಾರ ಸಮಿತಿಯ ಹೌ ಲೀಪಿಂಗ್ ಬಂದಳು. ನಮ್ಮ ಆರು ಕಟ್ಟಡಗಳಲ್ಲಿ ಯಾರು ಬಂದರು, ಯಾರು ಹೋದರು ಎಂದು ಬರೆದಿಡುವವಳು ಅವಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೆಲಸದಲ್ಲಿ ಶುದ್ಧ ಬೆಂಕಿ. ಅವಳ ಬೆನ್ನ ಹಿಂದೆ ಎರಡು ಬಸ್ಸು ಬದಲಿಸಿ ಬಂದ ರೋಂಗ್ ಅಮ್ಮ. ಎಪ್ಪತ್ತೆರಡರ ವಯಸ್ಸಿನಲ್ಲೂ ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದರು. ಕೋಪಕ್ಕೆ ಅಂಥ ಶಕ್ತಿಯಿದೆ. ದೆಫು ಕೆಲಸಕ್ಕೆ ಹೋಗಿದ್ದ. ಫೋನು ಮಾಡಿದರೆ “ನೋಡ್ಕೊಳ್ಳಿ ಅಮ್ಮ, ಏನೂ ಇಲ್ಲ” ಎಂದನಂತೆ. ಸಾಕ್ಷಿಗೆ ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಯುಝೆನ್‌ಳನ್ನು ಕರೆಯದಿದ್ದರೂ ಬರುತ್ತಿದ್ದಳು.

ಮನೆಯೊಳಗೆ ಒಂದೇ ಕೋಣೆ, ಒಂದೇ ಮಂಚ, ಒಂದೇ ಜೊತೆ ಚಪ್ಪಲಿ, ಒಂದೇ ಹಲ್ಲುಜ್ಜುವ ಬ್ರಷ್. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಲೀಪಿಂಗ್ ಅಡುಗೆಮನೆಯ ಡ್ರಾಯರ್ ಎಳೆದಳು. ಒಳಗೆ ಕಾಗದ ಬಿಚ್ಚದ ಕಡ್ಡಿಗಳು, ಅರವತ್ಮೂರು ಜೊತೆ; ಇನ್ನು ಹಿಡಿಸದೆ ಈಚಿನವು ಕಸದ ಚೀಲ ಸೇರಿದ್ದವು. ಎಣಿಸಿದವನು ನಾನೇ, ನನ್ನ ಕೈ ಸೇದಿಹೋಗಲಿ. ಫ್ರಿಜ್ಜಿನ ಬಾಗಿಲು ತೆರೆದರೆ ಪ್ಲಾಸ್ಟಿಕ್ ಡಬ್ಬಿಗಳ ಗೋಡೆ. ಮೊಟ್ಟೆ ಇಡುವ ಜಾಗದಲ್ಲೆಲ್ಲ ವಿನೆಗರ್ ಪೊಟ್ಟಣ.

ಲೀಪಿಂಗ್ ಮಂಚವನ್ನೂ ಡ್ರಾಯರನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, “ಪಾಳಿಯಲ್ಲಿ ಮಲಗ್ತಾರೆ.”

“ಏನಮ್ಮ ಹಾಗಂದ್ರೆ?” ಎಂದರು ರೋಂಗ್ ಅಮ್ಮ.

“ಒಬ್ಬ ಕೆಲಸಕ್ಕೆ ಹೋದಾಗ ಇನ್ನೊಬ್ಬ ಮಲಗೋದು ಅಜ್ಜಿ. ಒಂದು ಮಂಚ ಸಾಕು. ಭಾರಿ ಬುದ್ಧಿವಂತರು.”

“ಚಪ್ಪಲಿ?”

“ಅದೂ ಪಾಳಿಯಲ್ಲೇ.”

ನಾನು ಸುಮ್ಮನಿರಬಹುದಿತ್ತು. “ಆರು ಜನ ಇದ್ದಿದ್ರೆ ನೀರಿನ ಖರ್ಚು ಹೇಗಮ್ಮ ಅಷ್ಟು ಕಡಿಮೆ ಬರುತ್ತೆ?” ಎಂದೆ, ಅವನಿಗೆ ಅನುಕೂಲವಾಗಲಿ ಎಂದು.

ರೋಂಗ್ ಅಮ್ಮ ನನ್ನನ್ನೇ ಅಪರಾಧಿಯಂತೆ ನೋಡಿದರು. “ಅವನೇ ನೀರಿನ ಕಚೇರಿಯವನಲ್ವೇ ಮೇಷ್ಟ್ರೇ? ಮೀಟರಿಗೆ ಏನು ಮದ್ದು ಹಾಕಿದಾನೋ ಏನೋ.” ಉಪಕಾರ ಮಾಡಲು ಹೋಗಿ ಅವನ ನೌಕರಿಗೂ ಕಲ್ಲು ಹಾಕಿದಂತಾಯಿತು.

ಸಂಜೆ ದೆಫು ಬಂದಾಗ ಎಲ್ಲರೂ ಅವನ ಮನೆಯಲ್ಲೇ ಕಾಯುತ್ತಿದ್ದೆವು. ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ತಲೆಯ ಮೇಲೆಯೇ, ಬಾಗಿಲಲ್ಲಿ, ಆ ಫಲಕ ಹೊಳೆಯುತ್ತಿತ್ತು, ಅದನ್ನು ಕೊಡಿಸಿದ ಲೀಪಿಂಗ್ ಎದುರಿಗೇ ನಿಂತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ದೆಫು ಮಾನ ಉಳಿಸಿಕೊಳ್ಳಲು ಹೊರಟ.

“ಸ್ನೇಹಿತರು ಊಟಕ್ಕೆ ಬರ್ತಾರಮ್ಮ. ಅಷ್ಟೇ. ಮಲಗೋದಕ್ಕೆ ಯಾರೂ ಇಲ್ಲ.”

“ದಿನಾಲೂ ಬರ್ತಾರಾ?”

“ದಿನಾಲೂ.”

“ಹನ್ನೊಂದು ವರ್ಷದಲ್ಲಿ ನಿನ್ನನ್ನ ಹುಡುಕಿಕೊಂಡು ಒಂದು ನಾಯಿ ಬಂದಿದ್ದು ನಾನು ಕಾಣೆ,” ಎಂದರು ರೋಂಗ್ ಅಮ್ಮ. “ಈಗ ದಿನಾ ಆರು ಜನ ಬರ್ತಾರೆ. ಆಗಲಿ. ಭಾನುವಾರ ಮಧ್ಯಾಹ್ನ ನಾನು ಬರ್ತೀನಿ, ಈಕೆನೂ ಬರ್ತಾಳೆ. ನಿನ್ನ ಸ್ನೇಹಿತರನ್ನ ತೋರಿಸು, ಅವರ ಮನೆ ಎಲ್ಲಿದೆ ಅನ್ನೋದನ್ನ ಈಕೆ ಬರ್ಕೊಳ್ಳಲಿ. ತೋರಿಸದೇ ಇದ್ರೆ ಸಂಜೆಯೊಳಗೆ ಗಂಟುಮೂಟೆ ಕಟ್ಟು.”

ಅವರು ಹೋದ ಮೇಲೆ ದೆಫು ನಮ್ಮ ಮನೆಗೆ ಇಳಿದು ಬಂದ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಮೂವತ್ತೈದು, ಅರವತ್ತು, ನಾಚಿಕೆ, ಕಡ್ಡಿ, ಎಲ್ಲವನ್ನೂ. ನಾನು ಎಣಿಸದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

“ಆ ಬೆಲೆಗೆ ನನಗೆ ಈ ಊರಲ್ಲಿ ಇನ್ನೊಂದು ಮನೆ ಎಲ್ಲಿ ಸಿಗುತ್ತೆ ಮೇಷ್ಟ್ರೇ? ಹೊರವಲಯಕ್ಕೆ ಹೋಗಬೇಕು. ಇಲ್ಲಾದ್ರೆ ಮೆಟ್ಟಿಲ ಮೇಲೆ ನೀವಾದ್ರೂ ‘ಊಟ ಆಯ್ತಾ’ ಅಂತೀರಿ.”

“ಹೋಗಿ ನಿಜ ಹೇಳಿಬಿಡು,” ಎಂದೆ.

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ.”

ಯುಝೆನ್ ಬೇರೆ ಹೇಳಿದಳು. “ಸ್ನೇಹಿತರು ಇಲ್ಲದೇ ಇದ್ರೆ ತರಿಸ್ಕೋ. ಊಟ ತರಿಸ್ಕೊಳ್ಳಲ್ವಾ?”

ಹಾಗೆ ಭಾನುವಾರ ದೆಫುವಿನ ಕಚೇರಿಯಿಂದ ಇಬ್ಬರು ಬಂದರು, ಒಬ್ಬ ಉದ್ದ, ಒಬ್ಬ ಕುಳ್ಳ. ಆರು ಜನರನ್ನು ಕೇಳಿದ್ದನಂತೆ, ಊಟ ಹಾಕಿಸುತ್ತೇನೆ ಎಂದರೂ ನಾಲ್ವರು ನಂಬಲಿಲ್ಲ. ಈ ಇಬ್ಬರಿಗೂ ಏನು ಹೇಳಬೇಕೆಂದು ಮೆಟ್ಟಿಲ ಮೇಲೆ ನಾನೇ ಮೂರು ಸಲ ಪಾಠ ಮಾಡಿದೆ. ದಡ್ಡ ಹುಡುಗರಿಗೆ ಭಿನ್ನರಾಶಿ ಕಲಿಸಿದವನು ನಾನು. ಇವರ ಮುಂದೆ ನನ್ನ ಮೂವತ್ತೆಂಟು ವರ್ಷದ ಅನುಭವ ಸೋತಿತು.

ರೋಂಗ್ ಅಮ್ಮ ಮಂಚದ ತುದಿಯಲ್ಲಿ ಕೂತರು. ಲೀಪಿಂಗ್ ಪುಸ್ತಕ ಬಿಚ್ಚಿದಳು.

“ನಿಮಗೆ ಶಾವ್ ಅವರ ಪರಿಚಯ ಎಷ್ಟು ದಿನದಿಂದ?” ಎಂದು ಉದ್ದದವನನ್ನು ಕೇಳಿದಳು.

“ಬಹಳ ವರ್ಷದಿಂದ ಮೇಡಂ. ಪ್ರಾಣ ಸ್ನೇಹಿತರು. ದಿನಾ ಇಲ್ಲೇ ಊಟ.”

“ನೆನ್ನೆ ಏನು ಊಟ ಮಾಡಿದ್ರಿ?”

“ನೂಡಲ್ಸ್,” ಎಂದ ಉದ್ದದವ.

“ಅನ್ನ,” ಎಂದ ಕುಳ್ಳ, ಅದೇ ಗಳಿಗೆಯಲ್ಲಿ.

“ನೂಡಲ್ಸ್ ಹಾಕಿದ ಅನ್ನ,” ಎಂದ ದೆಫು.

ಲೀಪಿಂಗ್ ಬರೆದುಕೊಂಡಳು. ಕುಳ್ಳನಿಗೆ ಬೆವರು ಬಂತು. ಕೈ ತೊಳೆದು ಬರುತ್ತೇನೆಂದು ಎದ್ದವನು ನೇರವಾಗಿ ಬಟ್ಟೆಯ ಬೀರುವಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟ.

“ದಿನಾ ಬರೋ ಮನುಷ್ಯ,” ಎಂದರು ರೋಂಗ್ ಅಮ್ಮ. “ಬಚ್ಚಲು ಎಲ್ಲಿದೆ ಅಂತ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಆ ಬೀರು ಅಲ್ಲೇ ಇದೆ.”

ಲೀಪಿಂಗ್ ಪುಸ್ತಕ ಮುಚ್ಚಿದಳು. ಅವಳ ತರ್ಕ ಸ್ಪಷ್ಟವಾಗಿತ್ತು. ಇವರು ಬಾಡಿಗೆ ಸ್ನೇಹಿತರು. ಬಾಡಿಗೆಗೆ ಸ್ನೇಹಿತರನ್ನು ತಂದಿದ್ದಾನೆ ಎಂದರೆ ಅಸಲಿ ಆರು ಜನರನ್ನು ಎಲ್ಲೋ ಬಚ್ಚಿಟ್ಟಿದ್ದಾನೆ. ರೋಂಗ್ ಅಮ್ಮ ಎದ್ದು ನಿಂತರು. ಅವರ ದನಿಯಲ್ಲಿ ಈಗ ಕೋಪ ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

“ದೆಫು, ನಿನ್ನನ್ನ ನಂಬಿದ್ದೆ ಕಣಯ್ಯ. ಸಂಜೆ ಬೀಗದ ಕೈ ಕೊಟ್ಟುಬಿಡು.”

ದೆಫು ಅಡುಗೆಮನೆಗೆ ಹೋಗಿ ಸ್ಕ್ರೂಡ್ರೈವರ್ ತಂದು, ಬಾಗಿಲ ಹತ್ತಿರ ಹೋಗಿ, ಫಲಕದ ನಾಲ್ಕೂ ತಿರುಪುಮೊಳೆ ಬಿಚ್ಚಿ ಅದನ್ನು ಲೀಪಿಂಗ್ ಕೈಗೆ ಕೊಟ್ಟ. ನನಗೆ ಅವನ ಮೇಲೆ ಆ ಹೊತ್ತು ಉಕ್ಕಿಬಂದ ಅಭಿಮಾನವನ್ನು ಮುಚ್ಚಿಡುವುದಿಲ್ಲ.

“ಯಾರೂ ಇಲ್ಲ ಅಮ್ಮ. ಆರೂ ಜನ ನಾನೇ. ಒಬ್ಬನಿಗೆ ಅಂತ ಹೊರಡ್ತೀನಿ, ಆರು ಜನಕ್ಕೆ ಆಗುವಷ್ಟು ತರಿಸ್ತೀನಿ, ಅರ್ಧ ತಿನ್ನೋಕ್ಕಾಗಲ್ಲ, ನಾಚಿಕೆಗೆ ಆರು ಜೊತೆ ಕಡ್ಡಿ ಹೇಳ್ತೀನಿ. ಮಿಕ್ಕಿದ್ದನ್ನ ಚೆಲ್ತೀನಿ. ಇಷ್ಟೇ ನಡೆದಿದ್ದು.”

ಹನ್ನೊಂದು ವರ್ಷದಲ್ಲಿ ಅವನು ಆಡಿದ ಅತ್ಯಂತ ದೊಡ್ಡ ನಿಜ ಅದು. ಒಬ್ಬರೂ ನಂಬಲಿಲ್ಲ.

“ಒಬ್ಬನೇ?” ಎಂದಳು ಲೀಪಿಂಗ್. “ಫಾಂಗ್ ಮೇಷ್ಟ್ರ ಹೆಂಡತಿ ಆ ಚೀಲದಲ್ಲಿ ಏನೇನಿತ್ತು ಅಂತ ಹೇಳಿದಾರೆ. ಯಾವ ಮನುಷ್ಯ ಅಷ್ಟು ತರಿಸ್ತಾನೆ ಶಾವ್ ಅವರೇ? ಹುಚ್ಚನೇ ತರಿಸಬೇಕು.”

“ಸುಳ್ಳು ಹೇಳೋದಾದ್ರೆ ಅಚ್ಚುಕಟ್ಟಾಗಿ ಹೇಳು,” ಎಂದರು ರೋಂಗ್ ಅಮ್ಮ.

ದೆಫು ಫೋನು ತೆಗೆದು ಮೇಜಿನ ಮೇಲಿಟ್ಟ. “ನಿಮ್ಮ ಕಣ್ಣೆದುರೇ ತರಿಸ್ತೀನಿ ನೋಡಿ. ನನ್ನೊಬ್ಬನ ಊಟ. ಒಂದು ಬಟ್ಟಲು ಕಡುಬು, ಅಷ್ಟೇ.”

ಎಲ್ಲರೂ ಮೇಜಿನ ಸುತ್ತ ಬಗ್ಗಿದೆವು. ರೋಂಗ್ ಅಮ್ಮ ಕನ್ನಡಕ ಹಾಕಿಕೊಂಡರು. ಕಡುಬು ಒತ್ತಿದ, ಹದಿನಾಲ್ಕು. ಇನ್ನು ಆರು ಬೇಕು ಎಂದಿತು ಫೋನು.

“ನೋಡಿದ್ರಾ? ಇಲ್ಲಿಂದ ಶುರು.”

“ಅದಕ್ಕೇನಂತೆ, ಒಂದು ಸೌತೆಕಾಯಿ ಹಾಕು,” ಎಂದಳು ಯುಝೆನ್. “ಈ ಬಿಸಿಲಿಗೆ ಒಳ್ಳೇದು.”

ಹಾಕಿದ. ಮೂವತ್ತೈದಕ್ಕೆ ಹತ್ತು ಬಿಡುತ್ತೇವೆ ಎಂದಿತು ಫೋನು. ದೆಫು ಕೈ ಹಿಂದಕ್ಕೆ ಕಟ್ಟಿಕೊಂಡ. ಇಲ್ಲಿಗೆ ನಿಲ್ಲಿಸುತ್ತೇನೆ, ನೋಡಿ, ನನ್ನಿಂದಾಗುತ್ತದೆ ಎಂಬಂತೆ ನಿಂತ.

“ನಿಲ್ಲಿಸ್ತೀಯಾ?” ಎಂದ ಉದ್ದದವ. “ಹತ್ತು ಯುವಾನ್ ಸುಮ್ಮನೆ ಬಿಡ್ತೀಯಾ?”

“ಬನ್ನು ಹಾಕಿ, ಹಂದಿ ಮಾಂಸದ್ದು,” ಎಂದ ಕುಳ್ಳ. ಬೀರುವಿನಿಂದ ಬಂದ ಮೇಲೆ ಅವನು ಆಡಿದ ಮೊದಲ ಮಾತು.

ಮೂವತ್ತೆಂಟಾಯಿತು. ಅರವತ್ತಕ್ಕೆ ಇಪ್ಪತ್ತೈದು. ಈಗ ನನ್ನ ಬಾಯಿಂದಲೇ ಮಾತು ಹೊರಬಿತ್ತು, ಒಪ್ಪಿಕೊಳ್ಳುತ್ತೇನೆ. “ಹೀಗೇ ಬಿಟ್ರೆ ಇಪ್ಪತ್ತೆಂಟು ಕೊಡಬೇಕು. ಅರವತ್ತಾದ್ರೆ ಮೂವತ್ತೈದು. ಏಳು ಯುವಾನಿಗೆ ಇಪ್ಪತ್ತೆರಡು ಯುವಾನಿನ ಊಟ. ಯಾವ ಶಾಲೆಯ ಲೆಕ್ಕದಲ್ಲೂ ಇದನ್ನ ಬಿಡೋ ಹಾಗಿಲ್ಲ.”

“ಪಕ್ಕೆಲುಬು ಹಾಕಯ್ಯ,” ಎಂದರು ರೋಂಗ್ ಅಮ್ಮ. “ಸಿಹಿದು. ಏನು ಹಿಂದೆಮುಂದೆ ನೋಡ್ತೀಯ.”

ಪಕ್ಕೆಲುಬು ಬಂತು. ಅರವತ್ತಾರಾಯಿತು. ನೂರಕ್ಕೆ ನಲವತ್ತೈದು ಎಂದು ಒಂದು ಹೊಸ ಸಾಲು ಮಿನುಗಿತು. ಇಲ್ಲಿಯವರೆಗೆ ಪುಸ್ತಕವನ್ನು ಎದೆಗವಚಿಕೊಂಡು ದೂರ ನಿಂತಿದ್ದ ಲೀಪಿಂಗ್ ಮೆಲ್ಲಗೆ ಹತ್ತಿರ ಬಂದಳು.

“ಈ ಅಂಗಡಿದು ನನ್ನ ಹತ್ರ ಒಂದು ಎಂಟು ಯುವಾನಿನ ಕೂಪನ್ ಇದೆ. ಇವತ್ತೇ ಕೊನೆ ದಿನ,” ಎಂದಳು. “ಹಾಳಾಗುತ್ತಲ್ಲ ಅಂತ ಹೇಳಿದೆ, ಅಷ್ಟೆ.”

“ನನ್ನ ಫೋನಿಂದ ಅದು ನಡೆಯಲ್ಲ ಮೇಡಂ.”

“ಹಾಗಾದ್ರೆ ನನ್ನ ಫೋನಿಂದ ಮಾಡೋಣ. ಕೊಡಿ ಇಲ್ಲಿ. ಬದನೆಕಾಯಿ ಇಷ್ಟಾನಾ ಎಲ್ಲರಿಗೂ? ಈ ಬಾತುಕೋಳಿ ನೋಡಿ, ಅರ್ಧ ಬೆಲೆ. ಅಜ್ಜಿ, ನಿಮಗೆ ಹಲ್ಲಿಗೆ ಆಗುತ್ತಾ?”

“ನನ್ನ ಹಲ್ಲಿಗೇನಾಗಿದೆ? ಹಾಕು.”

ಸಮಿತಿಯ ಹೌ ಲೀಪಿಂಗ್‌ಳ ಬೆರಳು ಓಡಿದ ವೇಗ ನೋಡಿದರೆ ಅದು ಅಂದು ಶುರುವಾದ ಅಭ್ಯಾಸವಾಗಿರಲಿಲ್ಲ. ನೂರಾ ನಾಲ್ಕಕ್ಕೆ ನಿಂತಿತು. ಕೊನೆಗೆ ಫೋನು ಕೇಳಿತು, ಎಷ್ಟು ಜನರಿಗೆ ಕಡ್ಡಿ? ಲೀಪಿಂಗ್ ತಲೆ ಎತ್ತಿದಳು. “ಶಾವ್ ಅವರೇ, ಇದು ನಿಮ್ಮೊಬ್ಬರ ಊಟ ಅಲ್ವಾ? ಒಂದು ಅಂತ ಹಾಕ್ತೀನಿ.”

“ಅಯ್ಯೋ ಬೇಡ,” ಎಂದರು ರೋಂಗ್ ಅಮ್ಮ ಗಾಬರಿಯಾಗಿ. “ಇಷ್ಟಕ್ಕೆಲ್ಲ ಒಂದು ಅಂದ್ರೆ ಹೋಟೆಲಿನವರು ಏನಂದ್ಕೊಳ್ತಾರೆ? ಆರು ಅಂತ ಹಾಕು.”

ಲೀಪಿಂಗ್ ಆರು ಎಂದು ಒತ್ತಿದಳು. ಒತ್ತಿದ ಬೆರಳು ಅಲ್ಲೇ ನಿಂತಿತು. ಅವಳು ರೋಂಗ್ ಅಮ್ಮನನ್ನು ನೋಡಿದಳು, ರೋಂಗ್ ಅಮ್ಮ ದೆಫುವನ್ನು ನೋಡಿದರು, ದೆಫು ನೆಲ ನೋಡಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಕೋಣೆಯಲ್ಲಿ ಈಗ ಮುಟ್ಟಿಕೊಳ್ಳದ ಹೆಗಲು ಒಂದೂ ಇರಲಿಲ್ಲ.

“ನನ್ನ ಫ್ರಿಜ್ಜಿನಲ್ಲಿ ಎಂಟು ಬಟ್ಟಲು ಅನ್ನ ಇದೆ,” ಎಂದಳು ಲೀಪಿಂಗ್ ಕೊನೆಗೆ, ಪುಸ್ತಕಕ್ಕೇ ಹೇಳುವಂತೆ. “ಆಫೀಸು ಮುಗಿಸಿ ಹೋದಾಗ ಹಸಿವಿರುತ್ತಲ್ಲ. ಎಲ್ಲಾ ಬೇಕು ಅನ್ಸುತ್ತೆ.”

ರೋಂಗ್ ಅಮ್ಮ ಕನ್ನಡಕ ತೆಗೆದು ಸೆರಗಿಲ್ಲದ ಅಂಗಿಯ ಅಂಚಿನಲ್ಲಿ ಒರೆಸಿದರು, ಬಹಳ ಹೊತ್ತು. “ನಮ್ಮ ಬೀದೀಲಿ ಒಂದು ಬೆಕ್ಕಿದೆ,” ಎಂದರು. “ನಾನು ತರಿಸಿದ್ದು ತಿಂದು ತಿಂದು ಅದಕ್ಕೆ ನಡೆಯೋಕ್ಕೇ ಆಗಲ್ಲ.”

ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಊಟ ತಂದವಳು ಗುಯಿಲಾನ್, ನಮ್ಮ ಕಟ್ಟಡಕ್ಕೆ ಎರಡು ವರ್ಷದಿಂದ ಬರುವವಳು, ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಹೆಲ್ಮೆಟ್ ತೆಗೆಯದೆ ಎರಡೂ ಕೈಯ ಚೀಲ ಚಾಚಿದವಳು ಒಳಗೆ ಇಣುಕಿ ಹಾಗೇ ನಿಂತಳು.

“ಏನಣ್ಣ, ಇವತ್ತು ನಿಜವಾಗ್ಲೂ ಜನ ಬಂದಿದಾರೆ.”

ಲೀಪಿಂಗ್ ತಕ್ಷಣ ಅಧಿಕಾರಿಯಾದಳು. “ಯಾಕಮ್ಮ, ಬೇರೆ ದಿನ ಇಲ್ಲಿ ಎಷ್ಟು ಜನ ಇರ್ತಾರೆ?”

“ಎಷ್ಟು ಜನ ಅಂದ್ರೆ? ಇವರೊಬ್ಬರೇ. ನಾಲ್ಕು ಜನದ್ದು, ಆರು ಜನದ್ದು ಹೊತ್ತುಕೊಂಡು ನಾಲ್ಕು ಮಹಡಿ ಹತ್ತೀನಿ. ಬಾಗಿಲು ಒಂದು ಗೇಣು ತೆಗೆದು, ‘ಎಲ್ಲರೂ ಒಳಗಿದಾರೆ, ಜೋರಾಗಿ ಮಾತಾಡಬೇಡಿ’ ಅಂತಾರೆ. ಒಳಗೆ ಟೀವಿ ಬಿಟ್ರೆ ಇನ್ನೊಂದು ದನಿ ಕೇಳಿಲ್ಲ ನಾನು.” ಅವಳು ದೆಫುವಿನ ಕಡೆ ತಿರುಗಿದಳು. “ಬೇಜಾರು ಮಾಡ್ಕೋಬೇಡಿ ಅಣ್ಣ. ನೀವೊಬ್ಬರೇ ಅಲ್ಲ. ಈ ಬೀದೀಲಿ ನಾನು ಕೊಡೋ ಆರು ಜನದ ಊಟ ಎಲ್ಲಾ ಒಬ್ಬೊಬ್ಬರ ಮನೆಗೇ ಹೋಗೋದು.”

ಗುಯಿಲಾನ್‌ಗೆ ಇನ್ನೂ ಎರಡು ಮನೆಗೆ ಹೋಗುವುದಿತ್ತು, ಯುಝೆನ್ ಬಲವಂತಕ್ಕೆ ಒಂದು ಬನ್ನು ತಿನ್ನುತ್ತಾ ಮೆಟ್ಟಿಲಿಳಿದಳು. ಲೀಪಿಂಗ್ ಪುಸ್ತಕ ಬಿಚ್ಚಿ, ಮೂರನೇ ಕಟ್ಟಡ, ನಾಲ್ಕನೇ ಮಹಡಿ, ವಾಸ ಒಬ್ಬರು, ಎಂದು ಬರೆದು ಸಹಿ ಹಾಕಿದಳು.

ಆಮೇಲೆ ಊಟ. ಕುರ್ಚಿ ಎರಡೇ ಇದ್ದವು. ನಮ್ಮ ಮನೆಯಿಂದ ನಾಲ್ಕು ಸ್ಟೂಲು ತಂದೆ, ಕುಳ್ಳ ಮಂಚದ ಮೇಲೆ ಕೂತ. ಮೊದಲು ಎಲ್ಲರೂ ಮರ್ಯಾದೆಗೆ ಸ್ವಲ್ಪ ಸ್ವಲ್ಪ ತೆಗೆದುಕೊಂಡರು. ಬಾತುಕೋಳಿಯ ಹೊತ್ತಿಗೆ ಮರ್ಯಾದೆ ಮುಗಿಯಿತು. ರೋಂಗ್ ಅಮ್ಮ ತಮ್ಮ ಕಡ್ಡಿಯಿಂದಲೇ ಒಳ್ಳೊಳ್ಳೆಯ ತುಂಡು ಆರಿಸಿ ದೆಫುವಿನ ಬಟ್ಟಲಿಗೆ ಹಾಕುತ್ತಾ, ಬೈಯುತ್ತಾ, ಮತ್ತೆ ಹಾಕುತ್ತಾ ಇದ್ದರು. ಉದ್ದದವ ದೆಫುವಿನ ಬಗ್ಗೆ ಕಚೇರಿಯಲ್ಲಿ ನಡೆದ ಒಂದು ಕಥೆ ಹೇಳಿದ. ಅದು ನಿಜವಾದ ಕಥೆ, ನಾನು ಹೇಳಿಕೊಟ್ಟದ್ದಲ್ಲ. ಕೆಮ್ಮಿನವನ ವಿಷಯ ಯುಝೆನ್ ತಾನೇ ಎತ್ತಿ ತಾನೇ ನಕ್ಕಳು. ಕೊನೆಗೆ ಉಳಿದ ಒಂದೇ ಒಂದು ಪಕ್ಕೆಲುಬಿಗೆ ಏಳು ಜನ ಏಳು ಸಲ ನೀವು ತಗೊಳ್ಳಿ ಎಂದೆವು, ಲೀಪಿಂಗ್ ತಗೊಂಡಳು. ಡಬ್ಬಿಗಳಲ್ಲಿ ಎಣಿಸುವುದಕ್ಕೆ ಏನೂ ಉಳಿಯಲಿಲ್ಲ.

ಹೊರಡುವಾಗ ರೋಂಗ್ ಅಮ್ಮ ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳತೊಡಗಿದರು. ಒಂದು ಹಾಕಿದ ಮೇಲೆ ಇನ್ನೊಂದಕ್ಕೆ ಬಹಳ ಸಮಯ ಹಿಡಿಯಿತು.

“ಮುಂದಿನ ಭಾನುವಾರ ಮನೇಲಿರ್ತೀಯೇನಯ್ಯ?”

“ಇರ್ತೀನಮ್ಮ,” ಎಂದ ದೆಫು. “ಅಂದ್ರೆ, ನೀವು ಇರು ಅಂದ್ರೆ.”

“ಬಿಡು ಅಂತ ಯಾರು ಅಂದ್ರು?”

ಒಂದೂವರೆ ಗಂಟೆ ಹಿಂದೆ ಯಾರು ಅಂದರು ಎಂಬುದನ್ನು ನಾವು ಯಾರೂ ನೆನಪಿಸಲಿಲ್ಲ. ಲೇಸು ಕಟ್ಟುತ್ತಾ, ಬಗ್ಗಿದ ತಲೆ ಎತ್ತದೆ, ಅವರು ಹೇಳಿದರು.

“ಹಾಗಾದ್ರೆ ಮೀನು ತರಿಸು. ಸರೋವರದ ಬಿಳಿ ಮೀನು, ಹಬೆಯಲ್ಲಿ ಬೇಯಿಸಿದ್ದು, ತಲೆ ಬಾಲ ಎಲ್ಲಾ ಇರೋ ಇಡೀ ಮೀನು. ನಮ್ಮನೆಯವರು ಹೋದ್ಮೇಲೆ ನಾನು ತಿಂದೇ ಇಲ್ಲ. ಬೇರೆ ಏನು ಬೇಕಾದ್ರೂ ತರಿಸ್ತೀನಿ, ಚೆಲ್ತೀನಿ. ಇಡೀ ಮೀನು ಮಾತ್ರ ಒಬ್ಬಳಿಗೇ ಅಂತ ತರಿಸೋಕ್ಕೆ ಮನಸ್ಸು ಬರಲ್ಲ.”

ದೆಫು ಅವರ ಕೈ ಹಿಡಿದು ಎಬ್ಬಿಸಿದ. “ಎಷ್ಟು ದೊಡ್ಡದು ಹೇಳ್ಲಿ ಅಮ್ಮ?”

ರೋಂಗ್ ಅಮ್ಮ ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು, ಸ್ಟೂಲು ಎತ್ತಿಕೊಂಡಿದ್ದ ನನ್ನನ್ನು, ಯುಝೆನ್‌ಳನ್ನು, ಡಬ್ಬಿ ಜೋಡಿಸುತ್ತಿದ್ದ ಲೀಪಿಂಗ್‌ಳನ್ನು, ಮಂಚದ ಮೇಲೆ ತೂಕಡಿಸುತ್ತಿದ್ದ ಕುಳ್ಳನನ್ನೂ ಸಹ.

“ದೊಡ್ಡದೇ ಹೇಳು,” ಎಂದರು.